ಎರಡು ‘ಇಲ್ಲ’ಗಳಿಗೆ ಎರಡು ಪಿನ್ನು

ನಗಬೇಡಿ ಸ್ವಾಮಿ. ಒಂದು ವಿಶ್ವವಿದ್ಯಾಲಯವನ್ನು ಎರಡು ಪಿನ್ನು ಬಗ್ಗಿಸಿದವು ಎಂದರೆ ಬಗ್ಗಿಸಿದವು. ಅದರ ಕಚೇರಿಯ ಬಾಗಿಲಲ್ಲಿ ಮೂವತ್ತು ವರ್ಷ ಸ್ಟೂಲು ಸವೆಸಿದ ಜವಾನ ಹೇಳುತ್ತಿದ್ದೇನೆ. ನೀವು ಹುಬ್ಬು ಏರಿಸಿದಷ್ಟೂ ಕಥೆ ಉದ್ದವಾಗುತ್ತದೆ, ಆಮೇಲೆ ನನ್ನನ್ನು ಬೈಯಬೇಡಿ.

ಪಿನ್ನಕ್ಕ ಅಂತ ಒಬ್ಬ ಗುಮಾಸ್ತೆ ಇದ್ದಳು. ವಿದ್ಯಾರ್ಥಿಗಳು ಸಮಾಜಸೇವೆಗೆ ಹೊರಡಲಿ, ಸಂಶೋಧನೆಗೆ ಹೊರಡಲಿ, ಧನಸಹಾಯದ ಅರ್ಜಿ ಅವಳ ಮೇಜು ದಾಟಿಯೇ ಮುಂದೆ ಹೋಗಬೇಕು. ಆ ಮೇಜಿನ ಮೇಲೊಂದು ಕಬ್ಬಿಣದ ಸ್ಟೇಪ್ಲರ್. ಅದರ ಭಾರಕ್ಕೆ ಮೇಜಿನ ಒಂದು ಮೂಲೆ ಎರಡು ಬೆರಳು ತಗ್ಗಿತ್ತು. ಒಮ್ಮೆ ಕುಲಸಚಿವರು ಬಗ್ಗಿ ಕಡತ ನೋಡುತ್ತಿದ್ದಾಗ ಪಿನ್ನಕ್ಕ ಅವರ ಟೈಯನ್ನೂ ಸೇರಿಸಿ ಪಿನ್ನು ಹೊಡೆದುಬಿಟ್ಟಳು. ಪಾಪ, ಮೂರು ದಿನ ಕಡತದ ಜೊತೆಯೇ ಓಡಾಡಿದರು. ಸರಿ, ಮೂರು ದಿನ ಅಲ್ಲ, ಮೂರು ನಿಮಿಷ. ಹಾಗೆ ನೋಡಬೇಡಿ.

ಅವಳದೊಂದು ಹಟವಿತ್ತು. ಯಾರು ‘ಇಲ್ಲ’ ಎಂದರೂ ಬಾಯಿಮಾತಿಗೆ ಒಪ್ಪುತ್ತಿರಲಿಲ್ಲ. “ಯಾಕೆ ಇಲ್ಲ ಅಂತ ಕಾಗದದಲ್ಲಿ ಕೊಡಿ ಸಾರ್, ರುಜು ಹಾಕಿ,” ಎನ್ನುತ್ತಿದ್ದಳು. ಆ ಕಾಗದಗಳೆಲ್ಲ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಬೆಚ್ಚಗೆ ಮಲಗಿರುತ್ತಿದ್ದವು.

ಒಂದು ದಿನ ಕಣ್ಣಿನ ವಿಭಾಗದ ಹುಡುಗಿಯೊಬ್ಬಳು ಮುಖ ಊದಿಸಿಕೊಂಡು ಬಂದಳು. ಅವಳ ತಾಯಿ ದರ್ಜಿ. ಅವರ ಬೀದಿಯ ಎರಡೂ ಬದಿಗೆ ಬರೀ ಹೊಲಿಗೆ ಅಂಗಡಿಗಳು, ಅರ್ಧಕ್ಕರ್ಧ ಜನಕ್ಕೆ ಹತ್ತಿರದ್ದು ಕಾಣುವುದಿಲ್ಲ, ಆದರೆ ಒಬ್ಬರೂ ಕನ್ನಡಕ ಹಾಕುವುದಿಲ್ಲ. ಹಾಕಿದವರಿಗೆ ವಯಸ್ಸಾಯಿತು ಅಂತ ಅರ್ಥ. ಮರುದಿನದಿಂದಲೇ ಕಾಲರಿನ ಕೆಲಸ ತಪ್ಪಿ ಗುಂಡಿ ಹಚ್ಚುವುದಷ್ಟೇ ಪಾಲಿಗೆ ಉಳಿಯುತ್ತದೆ.

“ಅಮ್ಮಂಗೆ ನಾನೇ ಒಂದು ತಂದುಕೊಟ್ಟೆ ಅಕ್ಕಾ. ಅಕ್ಕಿ ಡಬ್ಬಿಯೊಳಗೆ ಬಚ್ಚಿಟ್ಟಿದಾರೆ. ಬೀದಿಯೋರೆಲ್ಲ ಹಾಕಿದ ದಿನ ನಾನೂ ಹಾಕ್ತೀನಿ ಅಂತಾರೆ. ಅಂಗಡಿ ಯಜಮಾನ ಬೇರೆ, ಇನ್ನೊಂದು ಕಾಲರ್ ಸೊಟ್ಟಗಾದ್ರೆ ಮನೆಗೆ ಹೋಗು ಅಂದಿದಾನೆ.”

ಅದಕ್ಕೇ ಅವಳ ಯೋಜನೆ: ಇಡೀ ಬೀದಿಯ ಕಣ್ಣನ್ನು ಒಂದೇ ಸಲ ಪರೀಕ್ಷಿಸುವುದು, ಬೇಕಾದವರಿಗೆಲ್ಲ ಒಂದೇ ದಿನ ಕನ್ನಡಕ ಕೊಡುವುದು, ಆಮೇಲೆ ಆರು ತಿಂಗಳು ಅವರ ಹೊಲಿಗೆ ಎಷ್ಟು ಸುಧಾರಿಸಿತು ಎಂದು ಅಳೆಯುವುದು. ವಿಭಾಗದ ಯಂತ್ರ ಹೊರಗೆ ಒಯ್ಯಲು ಸಿಗುವುದು ರಜೆಯಲ್ಲಿ ಮಾತ್ರ. ರಜೆಗೆ ಉಳಿದದ್ದು ಒಂದು ವಾರ.

ಸೇವಾ ಸಮಿತಿಯ ಕಾರ್ಯದರ್ಶಿಗಳು ಅರ್ಜಿ ನೋಡಿ, “ಅಳತೆ, ಪಟ್ಟಿ, ಆರು ತಿಂಗಳು… ಇದು ಸಂಶೋಧನೆ ಕಣಮ್ಮಾ, ಎದುರು ಕೋಣೆಗೆ ಹೋಗು,” ಎಂದರು. ಎದುರು ಕೋಣೆಯ ಸಂಶೋಧನಾ ಸಮಿತಿಯವರು, “ಕನ್ನಡಕ ಹಂಚೋದು ಸೇವೆ ಅಲ್ವೇನಮ್ಮಾ? ಆ ಕೋಣೆಗೆ ಹೋಗು,” ಎಂದರು. ವರಾಂಡದ ಹಾಸುಗಲ್ಲು ಸವೆಯುವಷ್ಟು ಸಲ ಓಡಾಡಿದ ಮೇಲೆ ಹುಡುಗಿ ಪಿನ್ನಕ್ಕನ ಎದುರು ಕುಳಿತು ಅತ್ತುಬಿಟ್ಟಳು.

“ಅಳೋದು ಆಮೇಲೆ. ನಾ ಹೇಳಿದ್ನಲ್ಲ, ‘ಇಲ್ಲ’ ಅಂದಿದ್ದನ್ನ ಕಾಗದದಲ್ಲಿ ತಂದ್ಯಾ?”

ತಂದಿದ್ದಳು. ಪಿನ್ನಕ್ಕ ಎರಡನ್ನೂ ಕೈಯುದ್ದಕ್ಕೆ ಹಿಡಿದು ಓದಿದಳು. ನಮ್ಮ ಕಾರ್ಯದರ್ಶಿಗಳು ಬಹಳ ಸೌಜನ್ಯದವರು, ಬರೀ ‘ಇಲ್ಲ’ ಬರೆದರೆ ಅವರಿಗೆ ನಿದ್ದೆ ಬಾರದು. ಸೇವಾ ಸಮಿತಿಯ ಪತ್ರದಲ್ಲಿತ್ತು: ಇದು ಎಲ್ಲ ರೀತಿಯಿಂದಲೂ ಉತ್ತಮ ದರ್ಜೆಯ ಸಂಶೋಧನೆ, ಆದ್ದರಿಂದ ನಮ್ಮಲ್ಲಿ ಅವಕಾಶವಿಲ್ಲ. ಸಂಶೋಧನಾ ಸಮಿತಿಯದರಲ್ಲಿ: ಇಂಥ ನಿಜವಾದ ಸಮಾಜಸೇವೆಯನ್ನು ನಾವು ಇತ್ತೀಚೆಗೆ ಕಂಡಿಲ್ಲ, ಆದ್ದರಿಂದ ನಮ್ಮಲ್ಲಿ ಅವಕಾಶವಿಲ್ಲ.

ಪಿನ್ನಕ್ಕನಿಗೆ ನಗು ತಡೆಯಲಾಗಲಿಲ್ಲ. “ಇವು ಇಲ್ಲ ಅನ್ನೋ ಪತ್ರಗಳಲ್ಲ ಕಣೇ, ಶಿಫಾರಸು ಪತ್ರಗಳು!” ಅರ್ಜಿಯ ಎರಡು ಪ್ರತಿ ತೆಗೆದಳು. ಸಂಶೋಧನೆಗೆ ಹೋಗುವ ಪ್ರತಿಗೆ ಸೇವೆಯವರ ಪತ್ರ, ಸೇವೆಗೆ ಹೋಗುವ ಪ್ರತಿಗೆ ಸಂಶೋಧನೆಯವರ ಪತ್ರ. ಠಪ್! ಠಪ್! ಆ ಸದ್ದಿಗೆ ಮಾಡಿನ ಪಾರಿವಾಳಗಳು ಹಾರಿದ್ದು ಇನ್ನೂ ವಾಪಸು ಬಂದಿಲ್ಲ.

ನೇರ ಸಂಶೋಧನಾ ಸಮಿತಿಯ ಕೋಣೆಗೆ ನಡೆದಳು. “ಸಾರ್, ಇದು ಉತ್ತಮ ದರ್ಜೆ ಸಂಶೋಧನೆ ಅಂತ ಎದುರು ಕೋಣೆಯೋರೇ ರುಜು ಹಾಕಿದಾರೆ. ಅವರಿಗೆ ಗೊತ್ತಾಗಲ್ಲ ಅಂತ ನೀವು ಬರೆದುಕೊಡ್ತೀರಾ?”

“ಛೆ ಛೆ, ಹಾಗೆ ಹೇಗೆ ಬರೆಯೋದಮ್ಮಾ? ನಾಳೆ ಅವರ ಮುಖ ನೋಡಬೇಡವಾ?”

“ಹಾಗಾದ್ರೆ ನಿಮ್ಮ ಪಾಲಿಗೆ ಒಪ್ಪಿಗೆ ಹಾಕಿ.”

ಎದುರು ಕೋಣೆಯಲ್ಲೂ ಅದೇ ಮಾತು, ಅದೇ ಛೆ ಛೆ. ಕೊನೆಗೆ ಇಬ್ಬರೂ ವರಾಂಡದಲ್ಲಿ ಮುಖಾಮುಖಿಯಾಗಿ ಕೆಮ್ಮಿಕೊಂಡರು. ಪರೀಕ್ಷೆ, ಅಳತೆ ಸಂಶೋಧನೆಯ ಪಾಲಿಗೆ, ಕನ್ನಡಕ ಸೇವೆಯ ಪಾಲಿಗೆ ಎಂದು ತೀರ್ಮಾನವಾಯಿತು. ರಜೆ ಶುರುವಾಗುವ ಹಿಂದಿನ ಮಧ್ಯಾಹ್ನ ಎರಡು ಮೊಹರೂ ಬಿದ್ದವು. ಹುಡುಗಿ ಉಸಿರು ಬಿಟ್ಟ ರಭಸಕ್ಕೆ ನನ್ನ ಟೋಪಿ ಹಾರಿತು. ಇದು ಮಾತ್ರ ಸತ್ಯ.

ಕನ್ನಡಕ ಕೊಟ್ಟ ದಿನ ಪಿನ್ನಕ್ಕ ನನ್ನನ್ನೂ ಕರೆದುಕೊಂಡು ಆ ಬೀದಿಗೆ ಹೋದಳು. ಇಡೀ ಬೀದಿ ಒಬ್ಬರ ಮುಖ ಒಬ್ಬರು ನೋಡಿ ನಗುತ್ತಿತ್ತು. “ಏನೋ ಮುದುಕಾ!” “ನೀನೇನು ಕಮ್ಮಿನಾ ಮುದುಕೀ?” ಯಜಮಾನನ ಮೂಗಿನ ಮೇಲೂ ಒಂದು ಏರಿತ್ತು, ಇನ್ನು ಯಾರನ್ನು ಮನೆಗೆ ಕಳಿಸುತ್ತಾನೆ? ಹುಡುಗಿಯ ತಾಯಿ ಅಕ್ಕಿ ಡಬ್ಬಿಯದನ್ನೇ ಒರೆಸಿ ಹಾಕಿಕೊಂಡಳು. ದಾರದ ತುದಿ ತುಟಿಗೆ ತಾಗಿಸಿ ಸೂಜಿಗೆ ಹಿಡಿದಳು. ಮೊದಲ ಸಲಕ್ಕೇ ಹೋಯಿತು. “ಅಯ್ಯೋ, ಇಷ್ಟೇನಾ!” ಎಂದು ಮಗಳ ಭುಜಕ್ಕೆ ಗುದ್ದಿದಳು.

ಹುಡುಗಿ ಪಿನ್ನಕ್ಕನ ಕಡೆ ತಿರುಗಿದಳು. “ಅಕ್ಕಾ, ನೀವೂ ಕೂತ್ಕೊಳ್ಳಿ. ಅವತ್ತು ಕಾಗದಾನ ಕೈಯುದ್ದಕ್ಕೆ ಹಿಡಿದಿದ್ರಿ, ನೋಡ್ದೆ.”

ಪಿನ್ನಕ್ಕ ಕೂತಳು. ಕನ್ನಡಕ ಏರಿಸಿ ಸುತ್ತ ನೋಡಿ, ನನ್ನ ಕಿವಿಯಲ್ಲಿ ಮೆಲ್ಲಗೆ, “ಅಯ್ಯೋ ಮಾರಾಯಾ, ಅವತ್ತು ಕುಲಸಚಿವರ ಟೈ…” ಎಂದು…

“ಮಾವಾ, ತಟ್ಟೆ ಇಟ್ಟು ಎಷ್ಟೊತ್ತಾಯ್ತು! ಬರ್ತೀರೋ, ಇಲ್ಲ ನಿಮ್ಮ ಪಾಲೂ ಮಕ್ಕಳಿಗೆ ಹಾಕಲೋ?”

ಸೊಸೆ ಕರೆಯುತ್ತಿದ್ದಾಳೆ ಸ್ವಾಮಿ, ಏಳುತ್ತೇನೆ. ಬಂದೆ ಬಂದೆ ತಾಯೀ, ಹಾಕಿಬಿಡಬೇಡ!