ಗುಡ್ಡದ ಮಣ್ಣು, ದೊಡ್ಡಮ್ಮನ ಬುಟ್ಟಿ

ನಮ್ಮ ದೊಡ್ಡಮ್ಮ ಜೀವಮಾನವಿಡೀ ಮಾಡಿದ್ದು ಒಂದೇ ಕೆಲಸ: ಮಳೆ ಕೆಳಗೆ ತಂದ ಮಣ್ಣನ್ನು ಬುಟ್ಟಿಗೆ ತುಂಬಿ ಮತ್ತೆ ಗುಡ್ಡಕ್ಕೆ ಹೊರುವುದು. ಕಡಿದಾದ ದ್ರಾಕ್ಷಿ ತೋಟ. ಕಲ್ಲುಚಕ್ಕೆಗಳ ನಡುವೆ ಹಿಡಿ ಮಣ್ಣು. ಬಳ್ಳಿ ನೀರು ಹುಡುಕಿಕೊಂಡು ಬೇರನ್ನು ಆಳಕ್ಕೆ ಇಳಿಸಬೇಕು. ಹಗಲು ಕಾದ ಕಲ್ಲು ರಾತ್ರಿಯೂ ಬೆಚ್ಚಗಿರುತ್ತದೆ. ಹಣ್ಣು ಸಣ್ಣದು, ರಸ ಖಡಕ್ಕು. "ಈ ರುಚಿ ನನ್ನದಲ್ಲ, ಈ ಗುಡ್ಡದ್ದು" ಎಂದು ತೋಟದ ಧಣಿ, ವೈನ್ ಕೊಳ್ಳಲು ಬಂದ ಗಿರಾಕಿಗಳೆದುರೆಲ್ಲ ಕೊಚ್ಚಿಕೊಳ್ಳುತ್ತಿದ್ದ. "ಹೊರೋ ಸೊಂಟ ಮಾತ್ರ ನಮ್ಮದು" ಎಂದು ದೊಡ್ಡಮ್ಮ ಅವನಿಗೆ ಕೇಳುವಂತೆಯೇ ಗೊಣಗುತ್ತಿದ್ದಳು.

ಮೊದಲೆಲ್ಲ ಮಳೆಗೂ ಒಂದು ಮರ್ಯಾದೆ ಇತ್ತು, ಜಿನುಗಿ ಹೋಗುತ್ತಿತ್ತು. ಈಚೆಗೆ ಬಿಸಿಲೆಂದರೆ ಕೊಲ್ಲುವ ಬಿಸಿಲು, ಮಳೆಯೆಂದರೆ ಆಕಾಶಕ್ಕೆ ತೂತು ಬಿದ್ದಂತೆ. ಕಳೆದ ಸಲ ಕೊಯ್ಲಿಗೆ ಮುಂಚೆ ಹಾಗೇ ಸುರಿಯಿತು. ಕಟ್ಟಿಕೊಂಡ ಕಾಲುವೆಯನ್ನು ಬಿಡಿಸಲು ಹೋದ ದೊಡ್ಡಪ್ಪನ ಮೇಲೆ ಅರ್ಧ ಗುಡ್ಡವೇ ಜಾರಿ ಕೂತಿತು. ಹುಡುಕುವವರು ಬಂದರು, ಅಗೆದರು, ಇನ್ನಷ್ಟು ಜಾರೀತೆಂದು ಕೈಚೆಲ್ಲಿ ಹೋದರು. ದೊಡ್ಡಮ್ಮನಿಗೆ ಬೇಕಾಗಿದ್ದು ಇಷ್ಟೇ: ದೊಡ್ಡಪ್ಪನ ಹೆಣ.

ಮಳೆ ನಿಂತ ಮೇಲೆ ಧಣಿ ಬಂದು, "ಜೆಸಿಬಿ ತರಿಸ್ತೀನಿ. ಈ ರಾಶೀನ ಇಲ್ಲೇ ಅದುಮಿ ಸಮ ಮಾಡಿ, ಮೇಲುಗಡೆಗೆ ಹೊಳೆದಂಡೆ ಮಣ್ಣು ಹೊಡೆಸೋಣ" ಎಂದ.

ಅದುಮುವುದಂತೆ! ಅದರಡಿ ಯಾರಿದ್ದಾರೆಂದು ಗೊತ್ತಿದ್ದೂ! ದೊಡ್ಡಮ್ಮ ಅಳಲಿಲ್ಲ. ಅತ್ತರೆ ಕರಗುವ ಪ್ರಾಣಿಯಲ್ಲ ಆ ಧಣಿ.

"ಹೊಳೆ ಮಣ್ಣು ಕೊಬ್ಬಿದ ಮಣ್ಣು ಸ್ವಾಮಿ," ಎಂದಳು. "ಬರೀ ಎಲೆ ಬರುತ್ತೆ, ವೈನ್ ನೀರಾಗುತ್ತೆ. ರುಚಿ ಈ ಗುಡ್ಡದ್ದು ಅಂತ ನೀವೇ ಹೇಳ್ತಿದ್ರಲ್ಲ? ಇದೇ ಮಣ್ಣನ್ನ ನಾವು ಹೊತ್ತು ಹಾಕ್ತೀವಿ."

ತನ್ನ ಮಾತನ್ನೇ ಇನ್ನೊಬ್ಬರ ಬಾಯಲ್ಲಿ ಕೇಳಿ ಧಣಿ ಹಿಗ್ಗಿ ಒಪ್ಪಿಕೊಂಡ.

ಚಳಿಗಾಲವಿಡೀ ಹೊತ್ತೆವು. ದೊಡ್ಡಮ್ಮ ಒಂದೊಂದು ಹೆಂಟೆಯನ್ನೂ ಕೈಯಲ್ಲಿ ಪುಡಿಮಾಡಿ ನೋಡಿಯೇ ಬುಟ್ಟಿಗೆ ಹಾಕುತ್ತಿದ್ದಳು. ಗುದ್ದಲಿ ಮುಟ್ಟಲು ಯಾರನ್ನೂ ಬಿಡಲಿಲ್ಲ. "ಬೇಡ ಕಣೇ, ಅವರಿಗೆ ತಾಗೀತು" ಎನ್ನುತ್ತಿದ್ದಳು. ಬದುಕಿದ್ದಾಗ ಆ ಮನುಷ್ಯನಿಗೆ ದಿನಾ ಗ್ರಹಚಾರ ಬಿಡಿಸುತ್ತಿದ್ದವಳು!

ಕೆಳಗಿನ ಕಲ್ಲುಗೋಡೆಯ ಮೂಲೆಯಲ್ಲಿ ಮೊದಲು ಬೂಟು ಸಿಕ್ಕಿತು, ಆಮೇಲೆ ದೊಡ್ಡಪ್ಪ. ದೊಡ್ಡಮ್ಮ ತಲೆವಸ್ತ್ರ ಬಿಚ್ಚಿ ಮುಖ ಮುಚ್ಚಿದಳು. "ಎಷ್ಟು ಕಾಯಿಸಿಬಿಟ್ರಿ ನನ್ನ" ಎಂದು ಅಲ್ಲೇ ಕುಸಿದು ಅತ್ತಳು. ನನಗೂ ತಡೆಯಲಾಗಲಿಲ್ಲ.

ಮಣ್ಣು ಮಾಡಿ ಬಂದ ಮರುದಿನ ಧಣಿ ಹಾಜರು. ರಾಶಿಯಲ್ಲಿ ಅರ್ಧ ಇನ್ನೂ ಹಾಗೇ ಬಿದ್ದಿತ್ತು. "ಉಳಿದಿದ್ದನ್ನ ಯಾವಾಗ ಹೊರ್ತೀರಿ?"

ದೊಡ್ಡಮ್ಮ ಬುಟ್ಟಿಯನ್ನು ಅವನ ಕಾಲ ಬಳಿ ಇಟ್ಟಳು.

"ಜೆಸಿಬಿ ತರಿಸಿ. ಹೊಳೆ ಮಣ್ಣು ಹಾಕ್ತೀರೋ, ಬೂದಿ ಹಾಕ್ತೀರೋ, ನಿಮ್ಮಿಷ್ಟ."

"ಮತ್ತೆ ರುಚಿ?" ಎಂದ ಪುಣ್ಯಾತ್ಮ.

ದೊಡ್ಡಮ್ಮ ಆಗಲೇ ಮನೆಯ ದಾರಿ ಹಿಡಿದಿದ್ದಳು.