ಆಟಗಾರನ ಅಣ್ಣ

ಫ್ರೀಮಾಂಟ್‌ನಿಂದ ಮುಕ್ಕಾಲು ಗಂಟೆ ಫ್ರೀವೇಯಲ್ಲಿ ಬಂದು, ನಾನೂ ತಂಗಿ ಸುಮಾಳೂ ಮಂಜುಗಡ್ಡೆಯ ಮೇಲೆ ಆಡುವ ಐಸ್-ಹಾಕಿ ಆಟದ ಅಂಗಳದಲ್ಲಿ ಪ್ರೇಕ್ಷಕರ ಮೆಟ್ಟಿಲ ಮೇಲೆ ಕೂತೆವು. ಹೊರಗೆ ಬಿಸಿಲು, ಒಳಗೆ ಸ್ವೆಟರ್ ಹಾಕಿದರೂ ನಡುಕ. ಇಲ್ಲಿನ ತಂಡವೊಂದಕ್ಕೆ ಹೊಸ ಆಟಗಾರರನ್ನು ಹುಡುಕುವುದು ಅವಳ ಕೆಲಸ. ಇವತ್ತು ನೋಡಬೇಕಾಗಿದ್ದುದು ಜರ್ಮನಿಯ ಒಬ್ಬ ಯುವಕನನ್ನು.

ಅವನು ಗೋಲು ಹೊಡೆದಾಗ ಎಲ್ಲರೂ ಎದ್ದು ನಿಂತರು. ಸುಮಾ ತನ್ನ ನೋಟ್‌ಬುಕ್ಕಿನಲ್ಲಿ ಏನೂ ಬರೆಯಲಿಲ್ಲ. ಚೆಂಡಿನ ಬದಲು ಆಡುವ ರಬ್ಬರ್ ಬಿಲ್ಲೆ ಅವನಿಂದ ತಪ್ಪಿಹೋದಾಗ ಬರೆದಳು.

"ಗೋಲು ಎಲ್ರಿಗೂ ಕಾಣ್ಸತ್ತೆ ಅಣ್ಣ. ಕಳ್ಕೊಂಡ್ಮೇಲೆ ವಾಪಸ್ ಓಡ್ತಾನಾ ಅಂತ ನೋಡ್ಬೇಕು."

ಆಟ ಮುಗಿದ ಮೇಲೆ, ಮುಂದಿನ ಸಾಲಿನಲ್ಲಿದ್ದ ಅವನ ಅಣ್ಣನನ್ನು ಮಾತಾಡಿಸಿದಳು. ಆ ಅಣ್ಣನೂ ಮೊದಲು ಆಡುತ್ತಿದ್ದನಂತೆ, ಯಾರೂ ಆರಿಸಲಿಲ್ಲವಂತೆ. ಹೋಗಬೇಡಿ ಎಂದು ಕೈಸನ್ನೆ ಮಾಡಿ, ತಮ್ಮನನ್ನು ಕರೆತರಲು ಓಡಿದ.

ಅವನು ತಮ್ಮನಿಗಾಗಿ ಹಾಗೆ ಓಡಿದ್ದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಸುಮಾ ಹೈಸ್ಕೂಲಿನಲ್ಲಿ ಖೊಖೊ ಆಡುತ್ತಿದ್ದಾಗ, ಜಿಲ್ಲಾ ತಂಡಕ್ಕೆ ಆರಿಸುವ ಮೇಷ್ಟ್ರು ಅವಳನ್ನು ಕೇಳಿಕೊಂಡು ಮನೆಗೆ ಬಂದಿದ್ದರು. ಅವಳು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟಿದ್ದ ನನಗೆ ಊರೆಲ್ಲ ಅವಳನ್ನು ಹೊಗಳುವುದನ್ನು ಸಹಿಸಲಾಗುತ್ತಿರಲಿಲ್ಲ. ಅವಳಿಗೆ ಇನ್ನು ಆಟ ಬೇಡವಂತೆ ಎಂದು ಸುಳ್ಳು ಹೇಳಿ, ಅವರನ್ನು ಬಾಗಿಲಿನಿಂದಲೇ ಕಳಿಸಿಬಿಟ್ಟೆ.

ಇಷ್ಟು ವರ್ಷ ಮುಚ್ಚಿಟ್ಟಿದ್ದನ್ನು ಅಲ್ಲೇ ಅವಳಿಗೆ ಹೇಳಿದೆ.

ಆ ಅಣ್ಣ-ತಮ್ಮಂದಿರು ಮೆಟ್ಟಿಲು ಹತ್ತಿ ಬರುತ್ತಿದ್ದರು. ಸುಮಾ ಅವರತ್ತ ನೋಡಲಿಲ್ಲ.

"ಅಂದ್ರೆ, ಮೇಷ್ಟ್ರು ಬಂದಿದ್ರಾ?" ಎಂದಳು. "ನಾನ್ ಸರಿಯಾಗಿ ಆಡ್ಲಿಲ್ಲ, ಅದಕ್ಕೇ ಬರ್ಲಿಲ್ಲ ಅಂದ್ಕೊಂಡಿದ್ದೆ ಅಣ್ಣ."