ಗಿಟಾರಿನ ಕೆಂಪು ಹಲಗೆ

ಚಿತ್ತವಾಡ್ಗಿಯ ದುರ್ಗಕ್ಕ ದಿನಾ ಬೆಳಿಗ್ಗೆ ಬಾಚಿ ಹಿಡಿದು ಕೆತ್ತಿದ ಮರದ ಮೊದಲ ಸಿಪ್ಪೆಯನ್ನು ಮೂಸಿ ನೋಡುತ್ತಿದ್ದಳು. ಆಮೇಲೆ ಅದನ್ನು ಜಂಬುನಾಥನ ಪಟದ ಮುಂದಿಟ್ಟು ಕೈಮುಗಿಯುತ್ತಿದ್ದಳು. ಜ್ವರ ಬಂದ ದಿನವೂ ಇದು ತಪ್ಪಿದ್ದಿಲ್ಲ. ಅಪ್ಪನ ಪಕ್ಕ ಕೂತು ಕಣ್ಣಲ್ಲೇ ಕಲಿತ ಬಡಿಗತನ ಅವಳದು. ಸಂಡೂರಿನ ಬೆಟ್ಟಗಳನ್ನು ಬಿಡುವಿಲ್ಲದೆ ಅಗೆಯುತ್ತಿದ್ದ ವರ್ಷಗಳವು. ಗಣಿಯ ಗುದ್ದಲಿ, ಪಿಕಾಸಿಗಳಿಗೆ ಕಾವು, ಅಂದರೆ ಮರದ ಹಿಡಿ, ಹಾಕಿಕೊಡುವುದರಲ್ಲೇ ಅವಳ ಹೊತ್ತು ಹೋಗುತ್ತಿತ್ತು. ಮರ ಇಂಥದ್ದು ಎಂದು ದುರ್ಗಕ್ಕ ಹೇಳಿದ ಮೇಲೆ ಓಣಿಯಲ್ಲಿ ಯಾರೂ ಇನ್ನೊಬ್ಬರನ್ನು ಕೇಳುತ್ತಿರಲಿಲ್ಲ.

ಹಾಗಾಗಿಯೇ ಮದುವೆ ಆರ್ಕೆಸ್ಟ್ರಾದ ರಾಮಾಂಜಿನಿ ಒಂದು ಹಳೆಯ ಎಲೆಕ್ಟ್ರಿಕ್ ಗಿಟಾರನ್ನು ಅವಳ ಮುಂದೆ ಹಿಡಿದ. ಅಗ್ಗದ ಮಾಲು. ಯಶವಂತನಗರದ ಗಣಿ ಲಾರಿಯ ಡ್ರೈವರನೊಬ್ಬ ನಾಲ್ಕು ವರ್ಷ ನುಡಿಸಿ ಇವನಿಗೆ ಮಾರಿದ್ದು.

“ಯಕ್ಕಾ, ತಂತಿ ಕೆಳಗ ಬೆರಳು ಒತ್ತೋ ಹಲಗಿ ನೋಡು. ಬೀಟಿ ಮರ ಹೌದೋ ಅಲ್ಲೋ? ವಾಸುದೇವರಾಯರ ಮಗಳು ಗಿಟಾರು ಕೊಳ್ಳಾಕ ಕೇಳ್ಯಾಳ. ರಾಯರಿಗೆ ನಿನ್ನ ಬಾಯಿಂದನ ಬರಬೇಕಂತ.”

ಕಾವಿನ ಕಟ್ಟುಗಳನ್ನು ಟೆಂಪೋಗೆ ಏರಿಸುವ ಗಡಿಬಿಡಿ. ದುರ್ಗಕ್ಕ ನಿಂತಲ್ಲಿಂದಲೇ ಕಣ್ಣಾಡಿಸಿದಳು. ಕೆಂಪು ಬೆರೆತ ಕಂದು ಬಣ್ಣ, ನಡುನಡುವೆ ಕಪ್ಪು ಎಳೆ.

“ಬೀಟೀನ ಐತಿ, ತಗೊಂಡು ಹೋಗು.”

ಆ ಒಂದು ಮಾತಿನ ಮೇಲೆ, ಗಿಟಾರೆಂದರೆ ಮೂಗು ಮುರಿಯುತ್ತಿದ್ದ ರಾಯರು ಮಗಳು ಮಾಧವಿಗೆ ಅದನ್ನು ಕೊಡಿಸಿದರು. ಬೀಟೆಯಾದರೆ ಇಪ್ಪತ್ತು ವರ್ಷ ಸವೆಯುವುದಿಲ್ಲ ಎಂಬ ನಂಬಿಕೆ ಅವರದು.

ಹದಿನೈದು ದಿನ ಕಳೆದಿರಬೇಕು, ಸಡಿಲಾದ ತಿರುಪು ಬಿಗಿ ಮಾಡಿಸಲು ಮಾಧವಿಯೇ ಬಂದಳು. ಕಾಲೇಜಿನ ಸಮಾರಂಭಕ್ಕೆ ಕಲಿತದ್ದನ್ನು ಅಲ್ಲೇ ಕೂತು ನುಡಿಸಿಯೂ ತೋರಿಸಿದಳು. ಕೇಳುತ್ತಿದ್ದ ದುರ್ಗಕ್ಕನ ಕಣ್ಣು ಹುಡುಗಿಯ ಎಡಗೈ ಬೆರಳ ತುದಿಗಳ ಮೇಲೆ ನಿಂತಿತು.

“ಮೆಹಂದಿ ಹಚ್ಚೀಯೇನವ್ವಾ?”

“ಇಲ್ಲ ಅಕ್ಕಾ. ಭಾಳ ಹೊತ್ತು ನುಡಿಸಿದ್ರ ಹಿಂಗ ಆಗ್ತದ.”

ಆ ಕೆಂಪು ದುರ್ಗಕ್ಕನಿಗೆ ಹೊಸದಲ್ಲ. ಗಣಿಯಿಂದ ರಿಪೇರಿಗೆ ಬಂದ ಹಳೆಯ ಕಾವುಗಳು ಅವಳ ಅಂಗೈಗೂ ದಿನಾ ಅದೇ ಬಣ್ಣ ಬಳಿಯುತ್ತಿದ್ದವು. ಬಟ್ಟೆಯೊಂದನ್ನು ಒದ್ದೆ ಮಾಡಿ ಹಿಂಡಿ ಹಲಗೆಯ ಮೂಲೆಯನ್ನು ಉಜ್ಜಿದಳು. ಬಟ್ಟೆ ಕೆಂಪಾಯಿತು, ಕೆಳಗಿಂದ ಗೋಧಿ ಬಣ್ಣದ ಮರ ಇಣುಕಿತು. ಚಾಕುವಿನ ತುದಿಯಿಂದ ಅಂಚನ್ನು ಚೂರು ಕೆರೆದು ಮೂಸಿದಳು. ಬೀಟೆ ಎಷ್ಟು ಹಳತಾದರೂ ಕೆರೆದಾಗ ಸಿಹಿ ವಾಸನೆ ಬರುತ್ತದೆ. ಇಲ್ಲಿ ಆ ವಾಸನೆ ಇರಲಿಲ್ಲ. ಡ್ರೈವರನ ಬೆವರಿನೊಂದಿಗೆ ನಾಲ್ಕು ವರ್ಷದ ಕಬ್ಬಿಣದ ಅದಿರಿನ ಕೆಂಪು ದೂಳು ಮರದ ಸಣ್ಣ ರಂಧ್ರಗಳಲ್ಲಿ ಕೂತು ಹಲಗೆಗೆ ಬೀಟೆಯ ವೇಷ ಹಾಕಿತ್ತು.

ದುರ್ಗಕ್ಕ ಚಾಕು ಕೆಳಗಿಟ್ಟಳು. ಹೇಳದಿದ್ದರೆ ಸುಳ್ಳು ತನ್ನ ಹೆಸರಿನಲ್ಲಿ ಉಳಿಯುತ್ತದೆ. ಹೇಳಿದರೆ ರಾಯರು ಗಿಟಾರನ್ನೇ ವಾಪಸು ಕಳಿಸಿಯಾರು. ಮಗು ಇಷ್ಟು ಚೆಂದ ನುಡಿಸುತ್ತದೆ. ಹುಡುಗಿಗೆ ವಿಷಯ ತಿಳಿಸಿ, ರಾಮಾಂಜಿನಿಗೆ ಹೇಳಿಕಳಿಸಿದಳು.

ಅವನು ಬಂದು ನೋಡಿ ನಕ್ಕ. “ಸುಮ್ನಿರು ಯಕ್ಕಾ. ಕಂದು ಬೂಟ್ ಪಾಲಿಶ್ ಹೊಡದ್ರ ಬೀಟಿಯ ಅಪ್ಪನಂಗ ಕಾಣ್ತದ!”

“ಉಳಿದದ್ದು ನಿನ್ನ ಮಕಕ್ಕ ಬಳಕೋಲೇ, ಮದುವಿಗೆ ಕನ್ಯಾನರ ಸಿಕ್ಕೀತು. ರಾಯರು ಬ್ಯಾಡಂದ್ರ ವಾಪಸ್ ತಗೋತೀಯೋ ಇಲ್ಲೋ?”

“ತಗೋತೀನಿ ಬಿಡು,” ಅಂದ ರಾಮಾಂಜಿನಿ, ತಲೆ ಕೆರೆದುಕೊಳ್ಳುತ್ತ.

ಸಂಜೆ ಮಾಧವಿಯ ಜೊತೆ ದುರ್ಗಕ್ಕ ರಾಯರ ಮನೆಗೆ ಹೋದಳು.

“ರಾಯರ, ಇದು ಬೀಟಿ ಅಲ್ರಿ. ಒರಿಸಿ ನೋಡದ ಹೇಳಿಬಿಟ್ಟೆ. ತಪ್ಪು ನಂದು.”

“ಮತ್ತ ಯಾವ ಮರ?”

“ಹೆಸರು ನನಗ ಗೊತ್ತಿಲ್ರಿ, ಪರದೇಶದ್ದು. ಆದ್ರ ಗಟ್ಟಿ ಐತಿ, ಸೊಟ್ಟ ಆಗಿಲ್ಲ. ಬ್ಯಾಡಂದ್ರ ರಾಮಾಂಜಿನಿ ವಾಪಸ್ ತಗೋತಾನ.”

ಮಾಧವಿ ಗಿಟಾರನ್ನು ಎದೆಗವಚಿಕೊಂಡಳು. “ಅಪ್ಪಾ, ಮರದ ಹೆಸರು ಏನರ ಇರ್ಲಿ. ನನಗ ಇದ ಬೇಕು.”

ರಾಯರು ಹಲಗೆಯ ಮೇಲೆ ಉಗುರು ಒತ್ತಿ ನೋಡಿದರು. ಗೀರು ಬೀಳಲಿಲ್ಲ. ಮಗಳ ಮುಖ ನೋಡಿದರು. “ಆಯ್ತು, ಇರ್ಲಿ,” ಎಂದರು.

ಗೇಟಿನವರೆಗೆ ಬಂದು ದನಿ ತಗ್ಗಿಸಿ ಹೇಳಿದರು: “ದುರ್ಗಕ್ಕ, ಊರಿಗೆಲ್ಲ ಇದು ಬೀಟೆ ಅಂತನೇ ಇರ್ಲಿ. ನಾವು ಯಾರ ಮುಂದೂ ಬಾಯಿ ಬಿಡಂಗಿಲ್ಲ. ನಿಮ್ಮ ಹೆಸರು ಯಾಕ ಕೆಡಬೇಕು?”

“ಆ ಉಪಕಾರ ಬ್ಯಾಡ್ರಿ ರಾಯರ,” ಅಂದಳು ದುರ್ಗಕ್ಕ, ಚಪ್ಪಲಿ ಮೆಟ್ಟಿಕೊಳ್ಳುತ್ತ. “ಕೇಳಿದವರಿಗೆ ದುರ್ಗಕ್ಕ ತಪ್ಪಿದ್ಲು ಅಂತನ ಹೇಳ್ರಿ. ಗಣಿ ಕಡೆಯಿಂದ ಇಂಥ ಕೆಂಪು ದೂಳಿನ ಸಾಮಾನು ಇನ್ನೂ ಬರ್ತಾವ. ಕೊಳ್ಳೋರು ಒಮ್ಮೆ ಒದ್ದಿ ಬಟ್ಟಿಲೆ ಒರಿಸಿ ನೋಡ್ಲಿ.”